ಕನ್ನಡದಿಂದ ಕ್ಲಿಂಗಾನ್‌ಗೆ: ಪದ ಆರಿಸುವಾಗ ಎಡವದಿರಲು

ಸ್ಟಾರ್ ಟ್ರೆಕ್ ಎನ್ನುವ ಅಂತರಿಕ್ಷ ಕಥೆಗಳಲ್ಲಿ ಬರುವ ಯೋಧ ಜನಾಂಗದ ಭಾಷೆ ಕ್ಲಿಂಗಾನ್. ನಾನು ಅದಕ್ಕೆ ತಂದ ಮೊದಲ ಕನ್ನಡ ವಾಕ್ಯ ತುಂಬಾ ಸಾದಾ ಆಗಿತ್ತು. “ನೀವು ಬಂದಿದ್ದು ನನಗೆ ಸಂತೋಷ.” ನಿಘಂಟು ನೋಡಿದೆ, ವ್ಯಾಕರಣ ನೋಡಿದೆ, “ಷುಪಾವ್‌ಮೊ’ ಜಿಖುಚ್” ಎಂದು ಬರೆದೆ. ಭಾಷೆ ಚೆನ್ನಾಗಿ ಬಲ್ಲ ಒಬ್ಬರಿಗೆ ತೋರಿಸಿದೆ. ಅವರು ಓದಿ ಸುತ್ತಮುತ್ತ ನೋಡಿದರು. “ನಾನೊಬ್ಬನೇ ಬಂದಿದ್ದು. ಇನ್ಯಾರು ಬಂದಿದ್ದಾರೆ?” ಎಂದು ಕೇಳಿದರು.

ತಪ್ಪು ಎಲ್ಲಿತ್ತು ಅಂದರೆ, ಶುರುವಿನ “ಷು” ಎನ್ನುವ ತುಣುಕಿನಲ್ಲಿ. ಅದರ ಅರ್ಥ “ನೀವು”, ಆದರೆ ಹಲವರಿಗೆ ಹೇಳುವ ನೀವು. ಮರ್ಯಾದೆಯ ನೀವು ಕ್ಲಿಂಗಾನ್‌ನಲ್ಲಿ ಇಲ್ಲವೇ ಇಲ್ಲ. ವ್ಯಾಕರಣ ಸರಿಯಿತ್ತು, ಪದಗಳೂ ನಿಘಂಟಿನಲ್ಲಿದ್ದವು. ಆದರೂ ನಾನು ಹೇಳಿದ್ದು ಬೇರೆ, ಅವರಿಗೆ ಕೇಳಿಸಿದ್ದು ಬೇರೆ. ಈ ಲೇಖನ ಪೂರ್ತಿ ಇಂಥ ಜಾಗಗಳ ಬಗ್ಗೆ. ವ್ಯಾಕರಣ ಒಂದಿಷ್ಟು ಗೊತ್ತಿದೆ, ನಿಘಂಟು ಕೈಯಲ್ಲಿದೆ, ಆದರೆ ಯಾವ ಪದ ಹಾಕಿದರೆ ಯಾವ ಧ್ವನಿ ಬರುತ್ತದೆ ಅನ್ನೋದು ತಿಳಿಯುತ್ತಿಲ್ಲ ಎನ್ನುವವರಿಗೆ.

ಹಿನ್ನೆಲೆ ಚುಟುಕಾಗಿ ಹೇಳಿಬಿಡುತ್ತೇನೆ. 1979ರ ಸ್ಟಾರ್ ಟ್ರೆಕ್ ಚಿತ್ರದಲ್ಲಿ ಕ್ಲಿಂಗಾನರು ಆಡಿದ ನಾಲ್ಕಾರು ಮಾತುಗಳನ್ನು ನಟ ಜೇಮ್ಸ್ ಡೂಹನ್ ಹೊಸೆದಿದ್ದರು. 1984ರ ಮೂರನೇ ಚಿತ್ರಕ್ಕೆ ಭಾಷಾವಿಜ್ಞಾನಿ ಮಾರ್ಕ್ ಓಕ್ರಾಂಡ್ ಅದನ್ನೇ ಆಧಾರ ಮಾಡಿಕೊಂಡು ಪೂರ್ತಿ ಭಾಷೆ ಕಟ್ಟಿದರು. 1985ರಲ್ಲಿ ನಿಘಂಟು ಬಂತು, 1992ರಲ್ಲಿ ಅದಕ್ಕೆ ಇನ್ನಷ್ಟು ಸೇರಿತು. ಅದೇ 1992ರಲ್ಲಿ ಕ್ಲಿಂಗಾನ್ ಲ್ಯಾಂಗ್ವೇಜ್ ಇನ್‌ಸ್ಟಿಟ್ಯೂಟ್ ಶುರುವಾಯಿತು. ಈ ಭಾಷೆ ಮಾತಾಡುವವರಲ್ಲಿ ಒಂದು ಕಟ್ಟುನಿಟ್ಟಿನ ರೂಢಿ ಇದೆ. ಓಕ್ರಾಂಡ್ ಕೊಟ್ಟ ಪದವೇ ಪದ. ನಾವು ನೀವು ಸುಮ್ನೆ ಹೊಸ ಪದ ಹುಟ್ಟಿಸುವ ಹಾಗಿಲ್ಲ. ಆದ್ದರಿಂದಲೇ ಇರುವ ಪದಗಳಲ್ಲಿ ಆರಿಸುವ ಕೆಲಸ ಇಷ್ಟು ಮುಖ್ಯವಾಗುತ್ತದೆ.

ಹೆಜ್ಜೆ 1: ಸದ್ದು ಸರಿಯಾಗಿ ಕೇಳಿಸಿಕೊಳ್ಳಿ

ಕ್ಲಿಂಗಾನ್ ಪದಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಇದು ನನ್ನದೇ ಏರ್ಪಾಡು. ನಮಗೆ ಒಂದು ಅನುಕೂಲ ಇದೆ. ಕ್ಲಿಂಗಾನ್‌ನ ಡ ಮತ್ತು ಷ ನಾಲಿಗೆ ಮಡಚಿ ಹೇಳುವ ಸದ್ದುಗಳು, ನಮಗೆ ಅವು ಹೊಸದಲ್ಲ. ಕ ಮತ್ತು ಖ ಎಂದು ಬರೆದಿರುವುದು ಮಾತ್ರ ನಮ್ಮ ಕ, ಖ ಅಲ್ಲ. ಎರಡೂ ಗಂಟಲಿನ ತೀರಾ ಹಿಂದಿನಿಂದ ಬರುತ್ತವೆ. ಖ ಎಂದು ಬರೆದಿರುವುದು ಉಸಿರು ಗೀರಿಕೊಂಡು ಬರುವ ಒರಟು ಸದ್ದು. ನಡುವೆ ಅಥವಾ ಕೊನೆಯಲ್ಲಿ ಕಾಣುವ ’ ಗುರುತು ಅಂದರೆ ಗಂಟಲು ಒಂದು ಗಳಿಗೆ ಬಿಗಿದು ಬಿಡುವುದು.

ಇದನ್ನು ಪದದ ಆಯ್ಕೆಯ ಲೇಖನದಲ್ಲಿ ಯಾಕೆ ಹೇಳಬೇಕು ಅಂತೀರಾ? “ಕಾಹ್” ಅಂದರೆ “ಸರ್”, “ಖಾಹ್” ಅಂದರೆ “ಸಹಾಯ ಮಾಡು”. “ಕಿಪ್” ಅಂದರೆ “ಹೊಡೆ”, “ಖಿಪ್” ಅಂದರೆ “ದಡ್ಡನಾಗಿರು”. “ಖಾಘ್” ಅಂದರೆ “ತಪ್ಪು”. “ಕಾಘ್” ಅಂದರೆ ಕ್ಲಿಂಗಾನರು ಆಸೆಪಟ್ಟು ತಿನ್ನುವ ಒಂದು ಬಗೆಯ ಹುಳ. “ನನ್ನದೇ ತಪ್ಪು” ಎಂದು ವಿನಯದಿಂದ ಹೇಳಹೋಗಿ ಊಟದ ತಟ್ಟೆಯ ಮೇಲೆ ಹಕ್ಕು ಸಾಧಿಸಿದಂತಾಗಬಾರದು, ಅಲ್ವಾ? ಇಂಗ್ಲಿಷ್ ಅಕ್ಷರಗಳಲ್ಲಿ ಈ ಎರಡು ಸದ್ದುಗಳಿಗೆ ಒಂದೇ ಅಕ್ಷರದ ಚಿಕ್ಕ ರೂಪ, ದೊಡ್ಡ ರೂಪ ಬಳಸುತ್ತಾರೆ. ಅಲ್ಲಿ ಟೈಪ್ ಮಾಡುವಾಗ ಒಂದು ಕೀಲಿ ಆಚೀಚೆಯಾದರೆ ಪದವೇ ಬದಲಾಗುತ್ತದೆ.

ಹೆಜ್ಜೆ 2: ಮೊದಲು ಕನ್ನಡ ವಾಕ್ಯವನ್ನು ಬಿಡಿಸಿ ಹರಡಿ

ನಿಘಂಟು ತೆರೆಯುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಯಾರು ಹೇಳುತ್ತಿದ್ದಾರೆ? ಯಾರಿಗೆ? ಹೇಳುವವರ ಮನಸ್ಸಿನಲ್ಲಿ ಏನಿದೆ: ಮೆಚ್ಚುಗೆಯೋ, ಕೊಂಕೋ, ಅನುಮಾನವೋ? ಕನ್ನಡದಲ್ಲಿ ಇದೆಲ್ಲ ದನಿಯಲ್ಲೇ ತಿಳಿದುಬಿಡುತ್ತದೆ. ಕ್ಲಿಂಗಾನ್‌ನಲ್ಲಿ ಇವುಗಳಲ್ಲಿ ಹೆಚ್ಚಿನವಕ್ಕೆ ಬೇರೆ ಬೇರೆ ಪ್ರತ್ಯಯಗಳೇ ಇವೆ. ಅವನ್ನು ಬಿಟ್ಟರೆ ವಾಕ್ಯ ಬರಡಾಗುತ್ತದೆ, ತಪ್ಪಾಗಿ ಹಾಕಿದರೆ ಜಗಳ ಹತ್ತುತ್ತದೆ.

ಆಮೇಲೆ ನಾಮಪದಗಳನ್ನು ಕ್ರಿಯಾಪದ ಮಾಡಿ. “ಸಂತೋಷ”, “ಧೈರ್ಯ”, “ದೊಡ್ಡತನ” ಎಂದು ನಾವು ಹೆಸರಾಗಿ ಹೇಳುವುದನ್ನು ಕ್ಲಿಂಗಾನ್ ಸಾಮಾನ್ಯವಾಗಿ ಕ್ರಿಯೆಯಾಗಿ ಹೇಳುತ್ತದೆ. “ಖುಚ್” ಅಂದರೆ “ಸಂತೋಷವಾಗಿರು”, “ಯೊಹ್” ಅಂದರೆ “ಧೈರ್ಯವಾಗಿರು”. ಕ್ರಿಯಾಪದದಿಂದ ನಾಮಪದ ಮಾಡುವ “ಘಾಚ್” ಎನ್ನುವ ಪ್ರತ್ಯಯ ಇದೆ, ನಿಜ. ಆದರೆ ಅದನ್ನು ಬರೀ ಧಾತುವಿಗೆ ಅಂಟಿಸಿದರೆ ಕೇಳಲು ವಿಚಿತ್ರವಾಗಿರುತ್ತದೆ. ನಡುವೆ ಇನ್ನೊಂದು ಪ್ರತ್ಯಯ ಇರಬೇಕು. “ನಿನ್ನ ಧೈರ್ಯ ನನಗೆ ಸಂತೋಷ ತಂದಿತು” ಎನ್ನುವುದನ್ನು “ನೀನು ಧೈರ್ಯವಂತ, ಅದಕ್ಕೇ ನಾನು ಸಂತೋಷವಾಗಿದ್ದೇನೆ” ಎಂದು ಮುರಿದುಕೊಳ್ಳಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಹೆಜ್ಜೆ 3: ನಡುವಿನ ಇಂಗ್ಲಿಷನ್ನು ನಂಬಬೇಡಿ

ನಮ್ಮ ದೊಡ್ಡ ತೊಂದರೆ ಇದು. ಕ್ಲಿಂಗಾನ್ ನಿಘಂಟು ಇಂಗ್ಲಿಷ್‌ನಲ್ಲಿದೆ. ನಾವು ಕನ್ನಡ ಪದಕ್ಕೆ ಇಂಗ್ಲಿಷ್ ಹುಡುಕುತ್ತೇವೆ, ಇಂಗ್ಲಿಷ್‌ಗೆ ಕ್ಲಿಂಗಾನ್ ಹುಡುಕುತ್ತೇವೆ. ನಡುವೆ ಒಬ್ಬ ದಲ್ಲಾಳಿ ಕೂತಿದ್ದಾನೆ. ಅವನು ಎರಡೂ ಕಡೆ ಸ್ವಲ್ಪ ಸ್ವಲ್ಪ ಹೊಡೆದುಕೊಳ್ಳುತ್ತಾನೆ.

ಇಂಗ್ಲಿಷ್‌ನಲ್ಲಿ “ಲೈಟ್” ಅಂದರೆ ಬೆಳಕೂ ಹೌದು, ಹಗುರವೂ ಹೌದು. ಕನ್ನಡದಲ್ಲಿ ಎರಡು ಬೇರೆ ಪದ. ಕ್ಲಿಂಗಾನ್‌ನಲ್ಲೂ ಎರಡು ಬೇರೆ ಪದ: “ವೊವ್” ಅಂದರೆ ಬೆಳ್ಳಗೆ ಹೊಳೆಯುವುದು, “ತಿಷ್” ಅಂದರೆ ತೂಕ ಕಮ್ಮಿ ಇರುವುದು. ನಡುವಿನ ಪದ ಹಿಡಿದು ಹೋದವರು ಹಗುರವಾದ ಚೀಲವನ್ನು ಹೊಳೆಯುವ ಚೀಲ ಮಾಡಿಬಿಡುತ್ತಾರೆ. ಹಾಗೆಯೇ ಕಲ್ಲಿನಂತೆ ಗಟ್ಟಿ ಇರುವುದಕ್ಕೆ “ಲೆತ್”, ಕಷ್ಟವಾಗಿರುವುದಕ್ಕೆ “ಖಾತ್ಲ್”. ಇಂಗ್ಲಿಷ್‌ನ “ಹಾರ್ಡ್” ಎರಡನ್ನೂ ಒಂದೇ ಚೀಲಕ್ಕೆ ತುಂಬುತ್ತದೆ.

ನನಗೆ ತುಂಬಾ ಇಷ್ಟವಾದ ಉದಾಹರಣೆ ನೆಂಟರದ್ದು. ಇಂಗ್ಲಿಷ್‌ನ “ಅಂಕಲ್” ಕ್ಲಿಂಗಾನ್‌ನಲ್ಲಿ ಎರಡಾಗುತ್ತದೆ. ತಂದೆಯ ಅಣ್ಣತಮ್ಮಂದಿರು “ತೆನ್ನುಷ್”. ತಾಯಿಯ ಅಣ್ಣತಮ್ಮಂದಿರು “’ಇರ್‌ನೆಹ್”. ಅಂದರೆ ಸೋದರಮಾವನಿಗೆ ಅಲ್ಲಿ ಸ್ವಂತ ಹೆಸರಿದೆ! ಇಂಗ್ಲಿಷ್ ಹಾದಿಯಲ್ಲಿ ಬಂದವರು ಇಲ್ಲಿ ನಿಂತು ಯೋಚಿಸಬೇಕು. ನಾವು ನೇರವಾಗಿ ದಾಟಬಹುದು. ಆದರೆ ಜಂಬ ಪಡುವ ಮೊದಲು ಇನ್ನೊಂದು ನೋಡಿ. ಅಣ್ಣನಿಗೂ ತಮ್ಮನಿಗೂ ಸೇರಿ “ಲೊಡ್‌ನಿ’” ಒಂದೇ ಪದ, ಅಕ್ಕತಂಗಿಯರಿಗೆ “ಬೆ’ನಿ’” ಒಂದೇ ಪದ. ಹಿರಿಯ ಕಿರಿಯ ಎನ್ನುವುದು ಕಥೆಗೆ ಮುಖ್ಯವಾದರೆ ಬೇರೆಯಾಗಿ ಹೇಳಿ, ಇಲ್ಲದಿದ್ದರೆ ಬಿಟ್ಟುಬಿಡಿ. ಗುರುತಿಲ್ಲದವರನ್ನು ನಾವು “ಅಣ್ಣಾ, ಸ್ವಲ್ಪ ಸರೀರಿ” ಅನ್ನುತ್ತೇವಲ್ಲ, ಆ ಅಣ್ಣನಿಗೆ “ಲೊಡ್‌ನಿ’” ಹಾಕಲೇಬೇಡಿ. ಒಡಹುಟ್ಟಿದವನೆಂದೇ ಓದುತ್ತಾರೆ. “ಕಾಹ್” ಹಾಕಿ, ಅಥವಾ ಸಲಿಗೆ ಇದ್ದರೆ “ಜುಪ್”, ಅಂದರೆ ಗೆಳೆಯ.

ಬಣ್ಣಗಳಲ್ಲಿ ಕಥೆ ಉಲ್ಟಾ. “ಷುಡ್” ಎನ್ನುವ ಒಂದೇ ಪದ ಹಸಿರು, ನೀಲಿ, ಹಳದಿ ಮೂರನ್ನೂ ಹೊರುತ್ತದೆ. “ಡೊಕ್” ಕೆಂಪನ್ನೂ ಕಿತ್ತಳೆಯನ್ನೂ ಹೊರುತ್ತದೆ. “ನೀಲಿ ಕಣ್ಣು” ಎಂದು ಬರೆಯುವಾಗ “ಷುಡ್” ಹಾಕಿದರೆ ತಪ್ಪಿಲ್ಲ, ಆದರೆ ಓದುಗ ಹಳದಿ ಎಂದುಕೊಂಡರೆ ಅವನದೂ ತಪ್ಪಿಲ್ಲ. ಹಳದಿಯೇ ಎಂದು ಒತ್ತಿ ಹೇಳಬೇಕಾದರೆ “ಷುಡ್ ’ಎಜ್ ವೊವ್”, ಅಂದರೆ “ಷುಡ್ ಮತ್ತು ಹೊಳಪು” ಎನ್ನುತ್ತಾರೆ. ಇಲ್ಲವಾದರೆ “ರುರ್”, ಅಂದರೆ “ಹೋಲು”, ಎನ್ನುವ ಕ್ರಿಯಾಪದ ಬಳಸಿ ಯಾವ ವಸ್ತುವನ್ನು ಹೋಲುತ್ತದೆ ಎಂದು ಹೇಳಿಬಿಡಿ. ನನ್ನ ಪ್ರಕಾರ ಬಣ್ಣ ಕಥೆಗೆ ಮುಖ್ಯವಲ್ಲದಿದ್ದರೆ ಬಿಡಿಸಿ ಹೇಳುವ ಉಸಾಬರಿಯೇ ಬೇಡ. ಬಿಡಿಸಿದ ತಕ್ಷಣ ಅದಕ್ಕೆ ಇಲ್ಲದ ಮಹತ್ವ ಬಂದುಬಿಡುತ್ತದೆ.

ಇದಕ್ಕೆಲ್ಲ ಒಂದೇ ಮದ್ದು. ನಿಘಂಟನ್ನು ಎರಡೂ ಕಡೆಯಿಂದ ನೋಡಿ. ಕ್ಲಿಂಗಾನ್ ಪದ ಸಿಕ್ಕ ಮೇಲೆ, ಕ್ಲಿಂಗಾನ್ ಭಾಗಕ್ಕೆ ಹೋಗಿ ಅದೇ ಪದಕ್ಕೆ ಇನ್ನೇನು ಅರ್ಥ ಕೊಟ್ಟಿದ್ದಾರೆ ಓದಿ. “ಬೊಖ್‌ವಿ’” ಎನ್ನುವ ಫೋನ್ ಆ್ಯಪ್‌ನಲ್ಲಿ ಇದು ಸುಲಭ. ಯಂತ್ರಾನುವಾದ 2013ರಿಂದ ಇದೆ, ಬಿಂಗ್ ಶುರು ಮಾಡಿದ್ದು. ಈ ಕೆಲಸಕ್ಕೆ ಅದನ್ನು ನಾನು ಮುಟ್ಟುವುದಿಲ್ಲ.

ಹೆಜ್ಜೆ 4: ಒಂದೇ ಗುಂಪಿನ ಪದಗಳನ್ನು ಪಕ್ಕಪಕ್ಕ ಇಡಿ

ಕ್ಲಿಂಗಾನರ ಭಾಷೆ ಅಂದ ಮೇಲೆ ಹೊಡೆದಾಟ, ಸಾವು ಇವಕ್ಕೆ ಪದಗಳ ಕೊರತೆ ಇರುವುದಿಲ್ಲ. ಅದಕ್ಕೇ ಇಲ್ಲೇ ಜಾಸ್ತಿ ಎಡವುತ್ತೇವೆ.

“ಷುವ್” ಅಂದರೆ ಹೋರಾಡು, ಕಾದಾಡು. “ಘೊಬ್” ಅಂದರೆ ಯುದ್ಧ ಮಾಡು. “ಹಿವ್” ಅಂದರೆ ದಾಳಿ ಮಾಡು. “ಹಾಯ್’” ಅಂದರೆ ಇಬ್ಬರು ಎದುರಾಬದುರು ನಿಂತು ದ್ವಂದ್ವ ಮಾಡುವುದು. “ಘೊಹ್” ಅಂದರೆ ವಾದಕ್ಕೆ ವಾದ ಹೂಡುವುದು. ಈಗ ಕನ್ನಡದ “ಜಗಳ” ತೆಗೆದುಕೊಳ್ಳಿ. “ನಿನ್ನೆ ಇಬ್ಬರೂ ಜಗಳ ಆಡಿದರು” ಎನ್ನುವುದಕ್ಕೆ “ಷುವ್” ಹಾಕಿದರೆ ಕೈಕಾಲು ಮುರಿದಿದೆ ಎಂದೇ ಲೆಕ್ಕ. ಮಾತಿನ ಜಗಳಕ್ಕೆ “ಘೊಹ್” ಸಾಕು. ಕ್ಲಿಂಗಾನ್ ಅಂದಾಕ್ಷಣ ಎಲ್ಲವನ್ನೂ ರಕ್ತಸಿಕ್ತ ಮಾಡುವ ಚಪಲ ಹೊಸಬರಿಗೆಲ್ಲ ಇರುತ್ತದೆ, ನನಗೂ ಇತ್ತು. ಮೂಲದಲ್ಲಿ ಇಲ್ಲದ ರಕ್ತ ಅನುವಾದದಲ್ಲೂ ಬೇಡ.

ಇನ್ನು “ಕೊಲ್ಲು”. “ಹೊಹ್” ಅಂದರೆ ಕೊಲ್ಲು, ಒಳ್ಳೆಯದೂ ಅಲ್ಲ ಕೆಟ್ಟದ್ದೂ ಅಲ್ಲ. “ಚೊತ್” ಅಂದರೆ ಕೊಲೆ ಮಾಡು, ಅದರಲ್ಲಿ ಅಪರಾಧದ ವಾಸನೆ ಇದೆ. “ಮುಹ್” ಅಂದರೆ ಮರಣದಂಡನೆ ಕೊಡು, ಅದರ ಹಿಂದೆ ಅಧಿಕಾರ ಇದೆ. ಯೋಧನೊಬ್ಬ ರಣದಲ್ಲಿ ಶತ್ರುವನ್ನು “ಚೊತ್” ಮಾಡಿದ ಎಂದು ಬರೆದರೆ ಅವನನ್ನು ಹೊಗಳಲು ಹೋಗಿ ಕೊಲೆಗಾರ ಮಾಡಿದಂತೆ.

ಇಲ್ಲಿ ಕನ್ನಡದವರಿಗೇ ಇಟ್ಟಂಥ ಒಂದು ಬಲೆ ಇದೆ. ಕ್ಲಿಂಗಾನ್‌ನಲ್ಲಿ “ಮೊಹ್” ಎನ್ನುವ ಪ್ರತ್ಯಯ ನಮ್ಮ “ಇಸು” ಥರಾನೇ ಕೆಲಸ ಮಾಡುತ್ತದೆ. “ಘೊಜ್” ಅಂದರೆ ಕಲಿ, “ಘೊಜ್‌ಮೊಹ್” ಅಂದರೆ ಕಲಿಸು. ಎಷ್ಟು ಚೆನ್ನಾಗಿ ಕೂಡುತ್ತದೆ ನೋಡಿ. ಅದೇ ಖುಷಿಯಲ್ಲಿ “ಹೆಘ್”, ಅಂದರೆ “ಸಾಯು”, ತೆಗೆದುಕೊಂಡು “ಸಾಯಿಸು” ಎಂದು “ಹೆಘ್‌ಮೊಹ್” ಮಾಡುತ್ತೇವೆ. ಆ ಪದ ನಿಘಂಟಿನಲ್ಲಿ ಇದೆ ಕೂಡ. ಆದರೆ ಅಲ್ಲಿ ಕೊಟ್ಟಿರುವ ಅರ್ಥ “ಮಾರಕವಾಗಿರು”. ವಿಷ, ಗಾಯ, ರೋಗ ಇಂಥವುಗಳ ಬಗ್ಗೆ ಹೇಳುವ ಮಾತು. “ಅವನು ಹುಲಿಯನ್ನು ಸಾಯಿಸಿದ” ಎನ್ನಲು “ಹೊಹ್” ಬಳಸಿ.

“ತೀರಿಕೊಂಡರು”, “ಹೋಗಿಬಿಟ್ಟರು”, “ಸತ್ತ” ಎಂದು ನಾವು ಸಾವಿನ ಮೆಟ್ಟಿಲು ಕಟ್ಟಿದ್ದೇವೆ. ಅಲ್ಲಿ “ಹೆಘ್” ನೇರವಾಗಿ ಹೇಳುತ್ತದೆ, ಅದರಲ್ಲಿ ಒರಟುತನ ಇಲ್ಲ. ಮರ್ಯಾದೆ ಸೇರಿಸಬೇಕಾದರೆ ಮುಂದೆ “ಬಾತ್ಲ್” ಇಡಬಹುದು: “ಬಾತ್ಲ್ ಹೆಘ್”, ಅಂದರೆ ಗೌರವದಿಂದ ಸತ್ತ. ಎಚ್ಚರ ಏನೆಂದರೆ, ಇದು ಸಾವಿನ ಸುದ್ದಿಯನ್ನು ಮೆತ್ತಗೆ ಮಾಡುವ ಮಾತಲ್ಲ. ಆ ಸಾವು ಎಂಥದ್ದು ಎಂದು ತೀರ್ಪು ಕೊಡುವ ಮಾತು.

ಹೆಜ್ಜೆ 5: ಮಾನ, ಮರ್ಯಾದೆ, ಗೌರವ

“ಬಾತ್ಲ್” ಬಂದಾಯಿತು, ಅದನ್ನೇ ಇನ್ನಷ್ಟು ನೋಡೋಣ. ಗೌರವ ಎನ್ನುವುದಕ್ಕೆ ಎರಡು ಮುಖ್ಯ ಪದ ಸಿಗುತ್ತವೆ: “ಬಾತ್ಲ್” ಮತ್ತು “ಕುವ್”. ಇಂಗ್ಲಿಷ್‌ನಲ್ಲಿ ಎರಡಕ್ಕೂ ಒಂದೇ ಅರ್ಥ ಬರೆದಿರುತ್ತಾರೆ. “ಬಾತ್ಲ್” ದೊಡ್ಡದು, ಒಬ್ಬರ ಆಸ್ತಿಯಲ್ಲ. ಹೇಗೆ ಬಾಳಬೇಕು ಎನ್ನುವ ಇಡೀ ಆದರ್ಶ ಅದು. “ಕುವ್” ಒಬ್ಬ ವ್ಯಕ್ತಿಯ ಮಾನ, ಅವನ ಹೆಸರು, ನಾಲ್ಕು ಜನರ ನಡುವೆ ಅವನಿಗಿರುವ ಬೆಲೆ. ನಾನು ಹೀಗೆ ನೆನಪಿಟ್ಟುಕೊಂಡಿದ್ದೇನೆ: “ಮಾನ ಹೋಯಿತು” ಎನ್ನಲು ಆಗುವ ಜಾಗದಲ್ಲಿ “ಕುವ್”. ಹೋಗಲಾರದಂಥದ್ದು “ಬಾತ್ಲ್”. ಒಂದು ಕೆಲಸ ಸಾಧಿಸಿದ್ದಕ್ಕೆ ಕೊಡುವ ಸನ್ಮಾನ, ಬಹುಮಾನ ಇದ್ದರೆ ಅದಕ್ಕೆ “ಪೊಪ್” ಎನ್ನುವ ಬೇರೆಯದೇ ಪದ ಇದೆ. ಸನ್ಮಾನ ಪತ್ರದ ಅನುವಾದದಲ್ಲಿ ಎಲ್ಲ ಕಡೆ “ಬಾತ್ಲ್” ಸುರಿಯುವವರನ್ನು ನೋಡಿದ್ದೇನೆ. ಶಾಲು ಹೊದಿಸುವುದಕ್ಕೆಲ್ಲ “ಬಾತ್ಲ್” ಖರ್ಚು ಮಾಡಿದರೆ ಆ ಪದವೇ ಸವೆದುಹೋಗುತ್ತದೆ.

ಪ್ರೀತಿಯ ಪದಗಳೂ ಇಲ್ಲೇ ಬರಲಿ. “ಪಾರ್” ಅಂದರೆ ಇಷ್ಟಪಡದಿರು. ಅದಕ್ಕೆ “ಹಾ’” ಸೇರಿಸಿದರೆ “ಪಾರ್‌ಹಾ’”, ಅಂದರೆ ಇಷ್ಟಪಡು. “ಮುಷ್” ಅಂದರೆ ದ್ವೇಷಿಸು, “ಮುಷ್‌ಹಾ’” ಅಂದರೆ ಪ್ರೀತಿಸು. ಪ್ರೀತಿ ಅಂದರೆ ದ್ವೇಷವನ್ನು ಬಿಚ್ಚಿಟ್ಟಿದ್ದು, ಅಷ್ಟೇ! ಇಬ್ಬರ ಪ್ರಣಯಕ್ಕೆ “ಪಾರ್‌ಮಾಕ್” ಎನ್ನುವ ನಾಮಪದ ಇದೆ. “ಕಾಮುಷ್‌ಹಾ’” ಎಂದರೆ “ನಿನ್ನನ್ನು ಪ್ರೀತಿಸುತ್ತೇನೆ”. ತಿಂಡಿ, ಹಾಡು, ಮಳೆಯ ಬಗ್ಗೆ “ನಂಗೆ ತುಂಬಾ ಇಷ್ಟ” ಎನ್ನುವಾಗ “ಪಾರ್‌ಹಾ’” ಬಳಸಿ. “ಮುಷ್‌ಹಾ’” ಮನುಷ್ಯರಿಗಿರಲಿ.

ಹೆಜ್ಜೆ 6: ಬಾಲಗಳಲ್ಲಿ ಧ್ವನಿ ಅಡಗಿದೆ

ಇದು ಎಲ್ಲಕ್ಕಿಂತ ಮುಖ್ಯ ಹೆಜ್ಜೆ. ಸರಿಯಾದ ಧಾತು ಆರಿಸಿದ ಮೇಲೂ ಅದರ ಬಾಲದಲ್ಲಿ ಅರ್ಥ ಕೆಡಬಹುದು.

ಮೊದಲು “ಇಲ್ಲ”ಗಳು. “ಬೆ’” ಬರೀ ನಿರಾಕರಣೆ. “ಹಾ’” ಉಲ್ಟಾ ಮಾಡುತ್ತದೆ ಅಥವಾ ಎಡವಟ್ಟು ಮಾಡುತ್ತದೆ. “ಯಾಜ್” ಅಂದರೆ ಅರ್ಥಮಾಡಿಕೊ. “ಜಿಯಾಜ್‌ಬೆ’” ಅಂದರೆ ನನಗೆ ಅರ್ಥವಾಗಲಿಲ್ಲ. “ಜಿಯಾಜ್‌ಹಾ’” ಅಂದರೆ ನಾನು ತಪ್ಪಾಗಿ ಅರ್ಥಮಾಡಿಕೊಂಡೆ. ಮೊದಲನೆಯದು ಮುಗ್ಧರ ಮಾತು, ಎರಡನೆಯದು ಕ್ಷಮೆ ಕೇಳುವವರ ಮಾತು. “ಖುಚ್‌ಬೆ’” ಅಂದರೆ ಸಂತೋಷವಾಗಿಲ್ಲ, ಸುಮ್ಮನೆ ಇದ್ದಾನೆ ಎಂದೂ ಆಗಬಹುದು. “ಖುಚ್‌ಹಾ’” ಅಂದರೆ ದುಃಖದಲ್ಲೇ ಇದ್ದಾನೆ.

ಮೂರನೆಯದು “ಖೊ’”. ಇದು ಒಲ್ಲೆ ಎನ್ನುವುದು. ಪ್ರಶ್ನೆಗೆ ಉತ್ತರವಾಗಿ “ಇಲ್ಲ” ಅಥವಾ “ಅಲ್ಲ” ಎನ್ನಲು “ಘೊಬೆ’”, ಹೇಳಿದ ಕೆಲಸ ಮಾಡಲ್ಲ ಎನ್ನಲು “ಖೊ’”. ಇಂಗ್ಲಿಷ್‌ನವರು ಇದನ್ನು ಬಾಯಿಪಾಠ ಮಾಡಬೇಕು. ನಮಗೆ ಇಲ್ಲ, ಅಲ್ಲ, ಒಲ್ಲೆ, ಬೇಡ ಎಲ್ಲ ಹುಟ್ಟಿನಿಂದ ಗೊತ್ತು. “ನೀನು ಬರ್ತೀಯಾ?” “ಇಲ್ಲ” ಎನ್ನುವ ಕಡೆ ಮಾತ್ರ ನಿಂತು ಯೋಚಿಸಿ. ಬರಲಿಕ್ಕೆ ಆಗಲ್ಲ ಎಂದೋ, ಬರಲ್ಲ ಹೋಗು ಎಂದೋ? ನಮ್ಮ “ಇಲ್ಲ” ಎರಡನ್ನೂ ಮುಚ್ಚಿಡುತ್ತದೆ, ಕ್ಲಿಂಗಾನ್ ಮುಚ್ಚಿಡಲು ಬಿಡುವುದಿಲ್ಲ.

ಆಮೇಲೆ, ಮುಗಿದ ಕೆಲಸಕ್ಕೆ ಎರಡು ಬಾಲ: “ಪು’” ಮತ್ತು “ತಾ’”. “ಪು’” ಅಂದರೆ ಮುಗಿದಿದೆ, ಅಷ್ಟೇ. “ತಾ’” ಅಂದರೆ ಮಾಡಬೇಕೆಂದು ಹೊರಟು ಮಾಡಿ ಮುಗಿಸಿದ್ದು. ಕೈಜಾರಿ ಲೋಟ ಒಡೆಯಿತು ಎಂದುಕೊಳ್ಳಿ. ಕನ್ನಡದಲ್ಲಿ “ಅಯ್ಯೋ, ಲೋಟ ಒಡೆದುಬಿಟ್ಟೆ” ಎನ್ನುತ್ತೇವೆ. ಆ “ಬಿಟ್ಟೆ”ಯಲ್ಲಿ ಮುಗಿದೇಹೋಯಿತು ಎನ್ನುವ ಭಾವ ಬಲವಾಗಿದೆ. ಅದನ್ನು ತರುವ ಆಸೆಯಿಂದ ನಾನೊಮ್ಮೆ “ಹಿವ್‌ಜೆ’ ವಿಘೊರ್‌ತಾ’” ಎಂದು ಬರೆದೆ. ಅದರ ಅರ್ಥ: ಲೋಟ ಒಡೆಯಲೆಂದೇ ಹೋದೆ, ಒಡೆದು ಬಂದೆ. ನನಗೆ ಬೇಕಾಗಿದ್ದದ್ದು “ಹಿವ್‌ಜೆ’ ವಿಘೊರ್‌ಪು’”. ಅಪಘಾತವನ್ನು ಸಾಧನೆ ಮಾಡಿಬಿಡುವುದಕ್ಕೆ ಒಂದು ಬಾಲ ಸಾಕು. ಉಲ್ಟಾ ತಪ್ಪೂ ಇದೆ. “ಕೊನೆಗೂ ಬೆಟ್ಟ ಹತ್ತಿದೆ” ಎನ್ನುವಲ್ಲಿ “ಪು’” ಹಾಕಿದರೆ ಏನೋ ಹತ್ತಿದೆ, ಆಯ್ತು ಎಂದಂತೆ. ಅಲ್ಲಿ “ತಾ’” ಬೇಕು.

ಹೆದರಿಕೆಯ ಬಾಲ “ವಿಪ್”. “ಬಿಜಾಹ್‌ವಿಪ್” ಅಂದರೆ “ಹೋಗಲು ನಿನಗೆ ಹೆದರಿಕೆ”. ಇದು ಕೆಣಕುವ ಮಾತು, ಮುಖಕ್ಕೆ ಹೊಡೆದ ಹಾಗೆ. “ಜಿಜಾಹ್‌ವಿಪ್”, ಅಂದರೆ “ಹೋಗಲು ನನಗೆ ಹೆದರಿಕೆ”, ವ್ಯಾಕರಣದಲ್ಲಿ ಸರಿಯಾಗಿಯೇ ಇದೆ. ಆದರೆ ಕ್ಲಿಂಗಾನ್ ಸಂಸ್ಕೃತಿಯಲ್ಲಿ ನಾನು, ನಾವು ಎನ್ನುವ ಪೂರ್ವಪ್ರತ್ಯಯದೊಂದಿಗೆ ಇದನ್ನು ಹೇಳುವುದು ನಿಷಿದ್ಧ ಎಂದು ಓಕ್ರಾಂಡ್ ಬರೆದಿದ್ದಾರೆ. ಹಾಗಾದರೆ “ಕತ್ತಲೆಯಲ್ಲಿ ಹೋಗೋಕೆ ನಂಗೆ ಭಯ” ಎನ್ನುವ ಮಗುವಿನ ಮಾತನ್ನು ಏನು ಮಾಡುವುದು? ನನ್ನ ಅಭಿಪ್ರಾಯ: ಕಥೆಯಲ್ಲಿ ಆ ಭಯವೇ ಮುಖ್ಯವಾದರೆ ಧೈರ್ಯವಾಗಿ “ವಿಪ್” ಹಾಕಿ, ಕೇಳುವವರು ಬೆಚ್ಚಲಿ. ಸುಮ್ನೆ ದಾರಿಹೋಕ ಮಾತಾದರೆ “ಜಿಜಾಹ್‌ಖೊ’”, “ಹೋಗಲ್ಲ”, ಎಂದು ದಾಟಿಸಿ.

ಕೊಂಕಿಗೂ ಬಾಲ ಇದೆ. “ರೊಜ್” ಅಂದರೆ ಶಾಂತಿ. “ರೊಜ್‌ಕೊಕ್” ಅಂದರೆ ಶಾಂತಿಯಂತೆ ಶಾಂತಿ! ಬರವಣಿಗೆಯಲ್ಲಿ ನಾವು ಉದ್ಧರಣ ಚಿಹ್ನೆ ಹಾಕಿ ತೋರಿಸುವ ವ್ಯಂಗ್ಯ ಅದು. “ರೊಜ್‌ಹೊಮ್” ಅಂದರೆ ಪುಟ್ಟ ಶಾಂತಿ, ಅಂದರೆ ಕದನವಿರಾಮ. ದೂರದಲ್ಲಿ ಏನೋ ಕಂಡು, ನೌಕೆ ಇರಬಹುದು ಎನಿಸಿದರೆ “ಡುಜ್‌ಹೆಯ್”, ಹೌದು ನೌಕೆಯೇ ಎಂದು ಖಚಿತವಾದರೆ “ಡುಜ್‌ನಾ’”. ಕನ್ನಡದ “ಅಂತೆ”, “ಇರಬೇಕು”, “ಏ” ಮಾಡುವ ಕೆಲಸವನ್ನು ನಾಮಪದಕ್ಕೇ ಅಂಟಿಸಿದ್ದಾರೆ. ಆದರೆ “ಅವನು ಬಂದನಂತೆ” ಎನ್ನುವ ಇಡೀ ವಾಕ್ಯದ “ಅಂತೆ”ಗೆ ಈ “ಹೆಯ್” ಬಳಸಲು ಹೋಗಬೇಡಿ. ಅದು ಹೆಸರಿನ ಮೇಲಿನ ಅನುಮಾನ, ಸುದ್ದಿಯ ಮೇಲಿನದ್ದಲ್ಲ.

ಕೊನೆಗೆ “ನನ್ನ” ಎನ್ನುವ ಬಾಲ. ಮಾತು ಬಲ್ಲ ಜೀವಿಗಳಿಗೆ “ವಿ’”, ಉಳಿದದ್ದಕ್ಕೆಲ್ಲ “ವಿಜ್”. “ಪುಕ್‌ವಿ’” ಅಂದರೆ ನನ್ನ ಮಗು. “ಪುಕ್‌ವಿಜ್” ಎಂದರೂ ವ್ಯಾಕರಣ ಮುರಿಯುವುದಿಲ್ಲ, ಆದರೆ ಮಗುವನ್ನು ವಸ್ತು ಮಾಡಿದಂತೆ, ಅವಮಾನ. “ನನ್ನ ಒಡೆಯ” ಎನ್ನಲು “ಜೊಹ್‌ವಿಜ್” ಎಂದರೆ ನಿಷಿದ್ಧದ ಅಂಚಿಗೇ ಹೋದಂತೆ. ಕನ್ನಡದಲ್ಲಿ ಮನುಷ್ಯನನ್ನು “ಅದು” ಎಂದು ಕರೆದರೆ ಹೇಗಿರುತ್ತದೋ ಹಾಗೆ. ನಿಮ್ಮ ಕಥೆಯಲ್ಲಿ ಯಾರಾದರೂ “ಅದು ಬಂತು ನೋಡು”ಎಂದು ಒಬ್ಬರನ್ನು ಹೀಯಾಳಿಸಿದ್ದರೆ, ಈ ಬಾಲ ಕೈಯಲ್ಲಿರಲಿ. ಬಹುವಚನದಲ್ಲೂ ಇಂಥದ್ದೇ ಆಟ: “ಪುಕ್‌ಪು’” ಅಂದರೆ ಮಕ್ಕಳು, “ಪುಕ್‌ಮೆಯ್” ಅಂದರೆ ಎಲ್ಲಿ ನೋಡಿದರಲ್ಲಿ ಮಕ್ಕಳು. ಮುದ್ದಿಗೆ “ಒಯ್” ಇದೆ, “ವಾವ್” ಅಂದರೆ ತಂದೆ, “ವಾವೊಯ್” ಅಂದರೆ ಅಪ್ಪಾಜಿ ಎಂದು ಕೊಂಡಾಟ ಮಾಡಿದ ಹಾಗೆ.

ಹೆಜ್ಜೆ 7: ನಯವನ್ನು ಕಳಚಿಡಿ

ದಯವಿಟ್ಟು ಎನ್ನುವುದಕ್ಕೆ ಪದ ಹುಡುಕಬೇಡಿ. ನಮಸ್ಕಾರಕ್ಕೂ ಹುಡುಕಬೇಡಿ. ಎಲ್ಲರೂ ನಮಸ್ಕಾರ ಎಂದು ಹೇಳಿಕೊಡುವ “ನುಕ್‌ನೆಹ್” ಪದದ ಅರ್ಥ “ಏನು ಬೇಕು?” ಎಂದು. ಆಮಂತ್ರಣ ಪತ್ರದ ತಲೆಯಲ್ಲಿ ಅದನ್ನು ಹಾಕಿದರೆ ಹೇಗಿರುತ್ತದೆ ಯೋಚಿಸಿ. ಬೀಳ್ಕೊಡುವಾಗ “ಖಾಪ್ಲಾ’”, ಅಂದರೆ ಯಶಸ್ಸು, ಧಾರಾಳವಾಗಿ ಬಳಸಿ.

“ಕುಳಿತುಕೊಳ್ಳಿ” ಒಬ್ಬರಿಗೆ ಹೇಳುವಾಗ “ಯಿಬಾ’”. “ಪೆಬಾ’” ಎಂದರೆ ನೀವೆಲ್ಲರೂ ಕೂತ್ಕೊಳ್ಳಿ. ಏಕವಚನದಲ್ಲಿ ಹಿರಿಯರಿಗೆ ಹೇಳಲು ಕೈ ನಡುಗುತ್ತದೆ, ಗೊತ್ತು. ಆದರೆ ಅಲ್ಲಿ ಅದು ಅಗೌರವ ಅಲ್ಲ. ನಿಜವಾಗಿಯೂ ತಲೆಬಾಗಿಸಬೇಕಾದ ಜಾಗಕ್ಕೆ “ನೆಷ್” ಎನ್ನುವ ಬಾಲ ಇದೆ. “ಕಾಲೆಘ್‌ನೆಷ್” ಅಂದರೆ “ತಮ್ಮನ್ನು ಕಂಡದ್ದು ನನ್ನ ಭಾಗ್ಯ” ಎಂಬಷ್ಟು ತೂಕದ ಮಾತು. ಮೇಲಿನವರಿಗೆ ಮಾತ್ರ, ಅದೂ ಅಪರೂಪಕ್ಕೆ. ಪ್ರತಿ “ರೀ”ಗೂ ಒಂದೊಂದು “ನೆಷ್” ಹಾಕಿದರೆ ಹೊಗಳುಭಟನ ಮಾತಾಗುತ್ತದೆ. ಈಗ ನನ್ನ ಮೊದಲ ವಾಕ್ಯಕ್ಕೆ ಬನ್ನಿ. ಸರಿಯಾದದ್ದು “ಬಿಪಾವ್‌ಮೊ’ ಜಿಖುಚ್”. ಬಂದವರು ತೀರಾ ದೊಡ್ಡವರಾದರೆ “ಬಿಪಾವ್‌ಮೊ’ ಜಿಖುಚ್‌ನೆಷ್”.

ಬೈಗುಳದಲ್ಲಿ ಬೇರೆಯದೇ ಲೆಕ್ಕ. ಪದಕ್ಕೆ ಪದ ತರಬೇಡಿ, ಪೆಟ್ಟಿಗೆ ಪೆಟ್ಟು ತನ್ನಿ. “ಹಾಬ್ ಷೊಷ್‌ಲಿ’ ಖುಚ್” ಎನ್ನುವುದು ದೊಡ್ಡ ಬೈಗುಳ. ಅರ್ಥ: “ನಿನ್ನ ತಾಯಿಯ ಹಣೆ ನುಣುಪಾಗಿದೆ”. ಕ್ಲಿಂಗಾನರ ಹಣೆಯ ಮೇಲೆ ಏಣುಗಳಿರುತ್ತವೆ, ಅದಕ್ಕೇ ಇದು ಚುಚ್ಚುತ್ತದೆ. ಕನ್ನಡದಲ್ಲಿ ಇದು ಹೊಗಳಿಕೆ! ಅಂದ ಹಾಗೆ ಸಂತೋಷದ “ಖುಚ್” ಮತ್ತು ಹಣೆಯ “ಖುಚ್” ಒಂದೇ ಸದ್ದು. ಬೇಕೆಂದೇ ಶ್ಲೇಷೆ ಮಾಡಬಹುದು. ಸದ್ದಿನ ತಮಾಷೆ ಓಕ್ರಾಂಡ್ ಅವರಿಗೂ ಇಷ್ಟ. ಮೀನಿಗೆ ಅವರು “ಘೊತಿ’” ಎಂದು ಹೆಸರಿಟ್ಟಿದ್ದು ಇಂಗ್ಲಿಷ್ ಕಾಗುಣಿತದ ಒಂದು ಹಳೇ ನಗೆಹನಿಯಿಂದ.

ಹೆಜ್ಜೆ 8: ಪದವೇ ಇಲ್ಲದಿದ್ದರೆ

1991ರ ಆರನೇ ಸ್ಟಾರ್ ಟ್ರೆಕ್ ಚಿತ್ರಕ್ಕೆ ಹ್ಯಾಮ್ಲೆಟನ ಪ್ರಸಿದ್ಧ ಸಾಲು, ಇರುವುದೋ ಇಲ್ಲದಿರುವುದೋ ಎನ್ನುವುದು, ಕ್ಲಿಂಗಾನ್‌ನಲ್ಲಿ ಬೇಕಾಯಿತು. ಆ ಭಾಷೆಯಲ್ಲಿ “ಇರು” ಎನ್ನುವ ಕ್ರಿಯಾಪದವೇ ಇರಲಿಲ್ಲ. ಓಕ್ರಾಂಡ್ ಮೊದಲು “ಯಿನ್ ಪಾಘ್ ಯಿನ್‌ಬೆ’”, ಬದುಕು ಅಥವಾ ಬದುಕದಿರು, ಎಂದು ಕೊಟ್ಟರು. ಅದನ್ನು ಆಡಬೇಕಾದ ನಟನಿಗೆ ಆ ಸದ್ದು ಸಪ್ಪೆ ಎನಿಸಿತು. ಮುಂದುವರಿಯುತ್ತಿರುವುದನ್ನು ಹೇಳುವ “ತಾಹ್” ಎಂಬ ಪ್ರತ್ಯಯ ಆಗಲೇ ಇತ್ತು. ಅದನ್ನೇ ಕ್ರಿಯಾಪದ ಮಾಡಿ “ತಾಹ್ ಪಾಘ್ ತಾಹ್‌ಬೆ’” ಎಂದರು. ಮುಂದುವರಿ, ತಾಳಿಕೊ, ಅಥವಾ ಬೇಡ. ಬದುಕುವುದಕ್ಕಿಂತ ತಾಳಿಕೊಳ್ಳುವುದು ಕ್ಲಿಂಗಾನರ ಬಾಯಿಗೆ ಎಷ್ಟು ಚೆನ್ನಾಗಿ ಒಪ್ಪುತ್ತದೆ.

ಪದ ಹುಟ್ಟಿಸುವ ಹಕ್ಕು ಅವರಿಗಿತ್ತು, ನಮಗಿಲ್ಲ. ಆದರೆ ದಾರಿ ಅದೇ. ಮೂಲದ ಪದ ಬಿಟ್ಟು, ಅದರ ಕೆಲಸ ಏನು ಎಂದು ಕೇಳಿ. “ಹೊಟ್ಟೆಕಿಚ್ಚು” ಎನ್ನುವುದಕ್ಕೆ ಹೊಟ್ಟೆಯನ್ನೂ ಕಿಚ್ಚನ್ನೂ ಹೊತ್ತೊಯ್ದರೆ ವೈದ್ಯರನ್ನು ಕರೆಯುತ್ತಾರೆ. “ಅವನು ಗೆದ್ದ, ಅದಕ್ಕೆ ಇವನು ಅವನನ್ನು ದ್ವೇಷಿಸುತ್ತಾನೆ” ಎಂದು ಬಿಡಿಸಿ. ಸೈನ್ಯದ ಆಜ್ಞೆಗಳಿದ್ದರೆ ಕತ್ತರಿಸಿದ ಮಾತು ಬಳಸಿ. “ಚಾ ಯಿಬಾಹ್”, ಟಾರ್ಪೆಡೊ ಹಾರಿಸು, ಎನ್ನುವುದು ರಣದಲ್ಲಿ “ಚಾ ಬಾಹ್” ಆಗುತ್ತದೆ. ಮನೆಮಾತಿನಲ್ಲಿ ಹೀಗೆ ಕತ್ತರಿಸಿದರೆ ಅಪ್ಪ ಮಗನಿಗೆ ಕವಾಯತು ಮಾಡಿಸುತ್ತಿದ್ದಾನೆ ಎನಿಸುತ್ತದೆ.

ಹೆಜ್ಜೆ 9: ವಾಪಸ್ ಓದಿ

ಬರೆದದ್ದನ್ನು ಒಂದು ದಿನ ಬಿಟ್ಟು, ಮೂಲ ನೋಡದೆ, ಕ್ಲಿಂಗಾನ್‌ನಿಂದ ಕನ್ನಡಕ್ಕೆ ತನ್ನಿ. ಮೊನ್ನೆ ನಾನು ಹಾಗೆ ಮಾಡಿದ ಒಂದು ವಾಕ್ಯ ಇದು: “ಅವರ ಸೋದರಮಾವ ಹೋರಾಡ್ತಾ ಹೋರಾಡ್ತಾ ತೀರಿಕೊಂಡರು.”

ಮೊದಲ ಸಲ ಬರೆದದ್ದು: “ಷುವ್‌ತಾಹ್‌ವಿಷ್ ಬಾತ್ಲ್ ಹೆಘ್‌ಪು’ ’ಇರ್‌ನೆಹ್‌ಚಾಜ್.” ಮರುದಿನ ವಾಪಸ್ ಓದಿದರೆ ಹೀಗೆ ಬಂತು: “ಆ ಜನರೆಲ್ಲರ ಸೋದರಮಾವ ಕಾದಾಡುತ್ತಾ ಗೌರವದಿಂದ ಸತ್ತ.” “ಚಾಜ್” ಅಂದರೆ ಹಲವರ. ಮತ್ತೆ ಅದೇ ಮರ್ಯಾದೆಯ ಬಹುವಚನ, ಇಷ್ಟು ವರ್ಷವಾದರೂ! ಒಬ್ಬರಿಗೆ “ಡಾಜ್” ಆಗಬೇಕು. ಅದಕ್ಕಿಂತ ದೊಡ್ಡದು, ಅವರು ಹೋರಾಡಿದ್ದು ಕಾಯಿಲೆಯ ಜೊತೆ, ರಣರಂಗದಲ್ಲಿ ಅಲ್ಲ. ಬರೀ “ಷುವ್” ಎಂದರೆ ಕತ್ತಿ ಕಾಣುತ್ತದೆ. “ರೊಪ್‌ಮೊ’”, ಕಾಯಿಲೆಯಿಂದ, ಎಂದು ಬದಲಿಸಿದರೆ ಹೋರಾಟವೇ ಮಾಯ. ಕೊನೆಗೆ ಕಾಯಿಲೆಯನ್ನೇ ಎದುರಾಳಿಯಾಗಿ ನಿಲ್ಲಿಸಿದೆ. “ಬಾತ್ಲ್” ತೆಗೆದೆ, ಯಾಕೆಂದರೆ ಮೂಲದಲ್ಲಿ ಹಾಗೆ ಯಾರೂ ಹೇಳಿರಲಿಲ್ಲ, ನಾನೇ ತೂರಿಸಿದ್ದೆ.

“ರೊಪ್ ಷುವ್‌ತಾಹ್‌ವಿಷ್ ಹೆಘ್‌ಪು’ ’ಇರ್‌ನೆಹ್‌ಡಾಜ್.” ಕಾಯಿಲೆಯ ಮೇಲೆ ಹೋರಾಡುತ್ತಿರುವಾಗಲೇ ಅವರ ಸೋದರಮಾವ ಸತ್ತರು. ಹೀಗೇ ಕಳಿಸಿದೆ.